ಫೀಜಿ ಕೇಳಿಸಿದ ಸಂಜೆ

"ಅಯ್ಯೋ, ನನ್ನ ವಾಲ್ವು!"

ವಕೀಲ ಗೋಪೀನಾಥರಾಯರ ಕೂಗಿಗೆ ಹೊಸಪೇಟೆಯ ಅರ್ಧ ಬೀದಿ ಅವರ ಅಂಗಳದಲ್ಲಿ ಸೇರಿತು. ಹೆಣ ನೋಡಲು ಬಂದವರಿಗೆ ನಿರಾಸೆಯಾಯಿತು. ಹೋದದ್ದು ರಾಯರ ರೇಡಿಯೋ ಯಂತ್ರದ ಒಂದು ಗಾಜಿನ ಬುರುಡೆ. ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿದ್ದಂತೆ. ೧೯೩೮ರಲ್ಲಿ ಇಂಥದಕ್ಕೂ ಅಳುವವರಿದ್ದರು.

ರಾಯರು ಆಗಲೇ ಕಳ್ಳಿಯನ್ನೂ ಹಿಡಿದಿದ್ದರು. ಕಸ ಗುಡಿಸುವ ಪಂಪಮ್ಮ. ಆ ಸಂಜೆ ರಾಯರು ಕೋರ್ಟಿನಲ್ಲಿದ್ದಾಗ ಮನೆಯಲ್ಲಿದ್ದವಳು ಅವಳೊಬ್ಬಳೇ.

"ಸಾಹೇಬ್ರ, ಕ್ವಾಣ್ಯಾಗ ಟಕಟಕ ಅಂತಿತ್ರಿ. ರಾಯರು ಬಂದಾರಂತ ನಾ ಒಳಗ ಹೋಗ್ಲಿಲ್ರಿ. ಮನ್ಯಾಗ ಹಾಲು ಕುಡಿಯೋ ಕೂಸೈತ್ರಿ. ಠಾಣೆಗೆ ಬ್ಯಾಡ್ರಿ," ಅಂತ ಪಂಪಮ್ಮ ಪೊಲೀಸರಿಗೆ ಕೈ ಮುಗಿದಳು.

"ಸುಳ್ಳು! ಒಳಗ ಹಾಕ್ರಿ ಆಕೀನ್ನ," ಅಂದರು ರಾಯರು.

ಸಬ್ ಇನ್‌ಸ್ಪೆಕ್ಟರ್ ಹಾಲಸ್ವಾಮಿ ಹಾಕಿದ. ವಕೀಲರ ಮಾತು ನೋಡಿ.

* * *

ಈ ರೇಡಿಯೋ ಚಟದ ಮಹಾಶಯರು ಸೀಮೆಗೆ ಮೂವರು. ಇಲ್ಲಿ ರಾಯರು, ಸಂಡೂರಿನಲ್ಲಿ ಪುರಂದರ, ಕಂಪ್ಲಿಯಲ್ಲಿ ಸೀರೆ ವ್ಯಾಪಾರಿ ಗಾದಿಲಿಂಗಪ್ಪ. ದೂರದೇಶದ ಸ್ಟೇಷನ್ ಕಿವಿಗೆ ಬಿದ್ದ ಕ್ಷಣವೇ, ತಂತಿ ಆಫೀಸಿನವರ ಹಾಗೆ ಕೀಲಿ ಕುಟ್ಟಿ, ಉಳಿದಿಬ್ಬರಿಗೆ ಗಾಳಿಯಲ್ಲೇ ಸುದ್ದಿ ಮುಟ್ಟಿಸಬೇಕು. ಅವರೂ ತಿರುಗಣೆ ತಿರುಗಿಸಿ ಅದನ್ನೇ ಕೇಳಬೇಕು. ಮೊದಲು ಸುದ್ದಿ ಕೊಟ್ಟವನು ಮೀಸೆ ತಿರುವಬೇಕು. ಕೇಳಿಸುವುದೇನು? 'ನಾನು ಇಲ್ಲಿದ್ದೇನೆ, ನೀನೆಲ್ಲಿದ್ದೀಯ?' ಇಷ್ಟಕ್ಕೆ ಮನೆಯ ಮೇಲೊಂದು ಕಂಬ.

ಮರುದಿನ ಗಾದಿಲಿಂಗಪ್ಪ ರಾಯರನ್ನು ಸಮಾಧಾನಪಡಿಸಲು ಬಂದ. ಬಲಗೈ ಬೆರಳುಗಳಿಗೆ ಬಟ್ಟೆ ಸುತ್ತಿತ್ತು.

"ಏನಾತ್ರಿ?" ಕೇಳಿದ ಹಾಲಸ್ವಾಮಿ.

"ರೊಟ್ಟಿ ಹಂಚು ತಾಗಿತ್ರಿ."

ನೀರನ್ನೂ ಆಳಿನ ಕೈಯಲ್ಲೇ ಎತ್ತಿಸಿ ಕುಡಿಯುವವನು ಹಂಚಿನ ಹತ್ತಿರ ಹೋಗಿದ್ದ!

"ನಿನ್ನೆ ಸಂಜಿ ಎಲ್ಲಿದ್ರಿ?"

"ಕಂಪ್ಲ್ಯಾಗ, ನಮ್ಮ ಮಷೀನ್ ಮುಂದ. ಫೀಜಿ ದ್ವೀಪದ ಸ್ಟೇಷನ್ ಹಿಡದೆ! ಈ ಸೀಮ್ಯಾಗ ಯಾರೂ ಹಿಡದಿಲ್ಲ. ಪುರಂದರನ್ನ ಕೇಳ್ರಿ."

* * *

ಸಂಡೂರಿನ ಪುರಂದರ ಕುಣಿದಾಡುತ್ತಿದ್ದ.

"ಹೌದ್ರಿ, ಗಾದಿಲಿಂಗಪ್ಪನಽ ಹೇಳ್ದ. ನಾನೂ ಕೇಳಿದೆ ಫೀಜಿ! ದಿನಾ ಅವನ ಸದ್ದು ಸೊಳ್ಳಿ ಹಾಡಿದಂಗ ಬರ್ತದ. ನಿನ್ನೆ ಭಾಳ ಜೋರು. ಥೇಟ್ ರಾಯರ ಮಷೀನ್ ಸದ್ದು."

"ಅನುಮಾನ ಬರ್ಲಿಲ್ಲೇನು?"

"ಫೀಜಿ ಬಂದಿತ್ತಲ್ರಿ!"

ಬಯ್ಯುವುದಕ್ಕೂ ಯೋಗ್ಯತೆ ಬೇಕು. ಹಾಲಸ್ವಾಮಿ ಟೋಪಿ ಎತ್ತಿಕೊಂಡು ಹೊರಟ.

ಗಾದಿಲಿಂಗಪ್ಪನ ಯಂತ್ರ ನಡೆಯುವುದು ಬ್ಯಾಟರಿಯ ಮೇಲೆ. ಅವು ಚಾರ್ಜಾಗುವುದು ಹೊಸಪೇಟೆಯ ಟಾಕೀಸಿನ ಎಂಜಿನ್ನಿನಲ್ಲಿ. ಹಾಲಸ್ವಾಮಿ ನೇರವಾಗಿ ಅಲ್ಲಿಗೇ ಹೋದ.

"ಕಂಪ್ಲಿ ಸಾವ್ಕಾರ್ರು ನಿನ್ನೆ ಮಧ್ಯಾಹ್ನ ತಾವಽ ತಂದು ಕೊಟ್ರಿ," ಅಂದ ಎಂಜಿನ್ನಿನ ಪಾಲಪ್ಪ. "ಇದ್ದಬದ್ದವೆಲ್ಲಾ ಇಲ್ಲೇ ಅದಾವು."

* * *

ರಾಯರ ಕೋಣೆಯಲ್ಲಿ ಎಲ್ಲರೂ ಸೇರಿದರು. ಪಂಪಮ್ಮನನ್ನೂ ಕರೆತಂದರು. ಒಂದು ರಾತ್ರಿ ಕೂಸಿನಿಂದ ದೂರವಿದ್ದವಳ ಸೆರಗು ಹಾಲಿನಿಂದ ಒದ್ದೆಯಾಗಿತ್ತು.

"ಬ್ಯಾಟರಿ ಹೊಸಪ್ಯಾಟ್ಯಾಗ. ಮಷೀನ್ ಕಂಪ್ಲ್ಯಾಗ," ಅಂದ ಹಾಲಸ್ವಾಮಿ. "ಫೀಜಿ ಯಾವುದರಾಗ ಕೇಳಿದ್ರಿ, ಸಾವ್ಕಾರ್ರ?"

ಗಾದಿಲಿಂಗಪ್ಪ ತಲೆ ತಗ್ಗಿಸಿ ಬಟ್ಟೆ ಸುತ್ತಿದ ಕೈ ಬೆನ್ನ ಹಿಂದೆ ಸರಿಸಿದ.

"ನೀವು ವಾಲ್ವು ಕದಿಯಾಕ ಬಂದ್ರಿ. ಆಸೆ ತಡಿಲಾರದ ಒಮ್ಮೆ ಮಷೀನ್ ಹಚ್ಚಿದ್ರಿ. ಫೀಜಿ ಬಂತು. ಕಳ್ಳ ಅನ್ನೋನು ಸುಮ್ಮನ ಕದ್ದು ಹೋಗಬೇಕಿಲ್ಲೇನು? ರಾಯರ ಮಷೀನಿಂದ ನಿಮ್ಮ ಹೆಸರ್ಲೆ ಡಂಗುರ ಹೊಡದ್ರಿ! ಅದಕ ಸದ್ದು ಜೋರು. ಪಂಪಮ್ಮ ಕೇಳಿದ್ದ ಟಕಟಕನೂ ಅದಽ. ಆಮ್ಯಾಲ ಕೆಂಡದಂಗ ಕಾದಿದ್ದ ವಾಲ್ವು ಕಿತ್ತು ಬೆರಳು ಸುಟಗೊಂಡ್ರಿ."

ಕಾನ್‌ಸ್ಟೇಬಲ್ ಮೇಜಿನ ಮೇಲೆ ಒಂದು ಸೀರೆಗಂಟು ಬಿಚ್ಚಿದ. ಕಂಪ್ಲಿಯ ಅಂಗಡಿಯಲ್ಲಿ ಸಿಕ್ಕಿದ್ದು. ಒಳಗೆ ವಾಲ್ವು ಇತ್ತು.

ಕೈಗೆ ಬೇಡಿ ಬಿದ್ದಾಗ ಗಾದಿಲಿಂಗಪ್ಪ ತಲೆ ಎತ್ತಿದ. "ಆದ್ರೂ ಫೀಜಿ ಮೊದಲು ಹಿಡದವ ನಾನಽ."

"ನನ್ನ ಮಷೀನಿನಾಗ!" ರಾಯರು ಮೇಜು ಗುದ್ದಿದರು. "ಫೀಜಿ ನಂದು!"

ಹಾಲಸ್ವಾಮಿ ಕೆಮ್ಮಿದ. "ರಾಯರ, ಪಂಪಮ್ಮಗ ಏನರ ಒಂದು ಮಾತು…"

"ಹಾಂ, ಪಂಪಮ್ಮ. ಎಲ್ಲಾರೂ ಬೂಟುಗಾಲಾಗ ಬಂದಾರ. ಕಸ ಹೊಡಿ."

ಪಂಪಮ್ಮ ಮೂಲೆಯ ಪೊರಕೆ ತಂದು ರಾಯರ ಕೈಯಲ್ಲೇ ಇಟ್ಟಳು.

"ಫೀಜಿಯವ್ರನ್ನ ಕರೀರಿ," ಅಂದಳು. "ಅವ್ರು ಬಂದು ಹೊಡೀತಾರ."

ಆಮೇಲೆ ಕೂಸಿದ್ದ ಕಡೆಗೆ ಓಡಿದಳು.