ಲಾಭ ಎಂಬ ಮೊದಲ ಎಳೆ

ಶಂಕ್ರವ್ವ ಹಣೆಗೆ ಪಟ್ಟಿ ಕಟ್ಟಿಕೊಂಡಳು. ಗೋಡೆಯಾಚೆಯ ನಲವತ್ತು ವಿದ್ಯುತ್ ಮಗ್ಗಗಳ ಗದ್ದಲ ತಟ್ಟನೆ ಅಡಗಿತು. ಮಗ್ಗಗಳೇನೂ ನಿಂತಿರಲಿಲ್ಲ. ಅವಳಿಗೆ ಮಾತ್ರ ಸದ್ದು ಕೇಳಿಸುತ್ತಿರಲಿಲ್ಲ.

ಅದು 2059ನೆಯ ಇಸವಿ. ಈ ಮೌನಪಟ್ಟಿಯನ್ನು ಕಂಡುಹಿಡಿದವಳು ಇಳಕಲ್ಲಿನ ನೇಕಾರರ ಮಗಳು, ಡಾ. ನೀಲಗಂಗಾ ಹಂಜಿ. ಸದ್ದೆಂದರೆ ಅಲೆ. ಆ ಅಲೆಯ ಏರಿಗೆ ಅಷ್ಟೇ ಇಳಿವನ್ನು ಕೂಡಿಸಿದರೆ ಎರಡೂ ಸೇರಿ ಸಮವಾಗುತ್ತವೆ. ಕಿವಿಗೆ ಬೀಳುವ ಸದ್ದನ್ನಷ್ಟೇ ಅಲ್ಲ, ತಲೆಯ ಮೂಳೆಯೊಳಗಿಂದ ಬರುವ ನಮ್ಮದೇ ದನಿಯನ್ನೂ ಪಟ್ಟಿ ಹೀಗೆ ಅಳಿಸುತ್ತಿತ್ತು. ಎಣಿಸುವವರಿಗೆಂದು ಅಂಕಿಗಳನ್ನು ಮಾತ್ರ ಒಳಗೆ ಬಿಡುತ್ತಿತ್ತು. ಇಷ್ಟು ಜಾಣ ಯಂತ್ರ ಇನ್ನೊಂದಿಲ್ಲವೆಂದು ನೀಲಗಂಗಾ ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಶಂಕ್ರವ್ವನದು ಕೊಂಡಿ ಹಾಕುವ ಕೆಲಸ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಎಣಿಸಿ ಎಣಿಸಿ ಸಿಕ್ಕಿಸಬೇಕು. ಎಪ್ಪತ್ತರ ಈ ಮುದುಕಿಯನ್ನು ಮೀರಿಸುವವರು ಊರಲ್ಲಿರಲಿಲ್ಲ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಆದರೆ ಪಕ್ಕದಲ್ಲಿ ವಿದ್ಯುತ್ ಮಗ್ಗಗಳು ಬಂದ ಮೇಲೆ ಎಣಿಕೆ ತಪ್ಪತೊಡಗಿತ್ತು. ಇವತ್ತೂ ತಪ್ಪಿದರೆ ಕೊಂಡಿಯ ಕೆಲಸ ಯಂತ್ರಕ್ಕೇ ಎಂದು ನೇಕಾರರ ಸಂಘ ತೀರ್ಮಾನಿಸಿತ್ತು. ಅದಕ್ಕೇ ನೀಲಗಂಗಾ ತಾನೇ ಪಟ್ಟಿ ತಂದುಕೊಟ್ಟು ಪಕ್ಕದಲ್ಲಿ ನಿಂತಿದ್ದಳು.

ತಪ್ಪಿಯೇ ಬಿಟ್ಟಿತು. ಪ್ರತಿ ಹತ್ತರ ಕಟ್ಟಿನಲ್ಲೂ ಒಂದೊಂದು ಎಳೆ ಹೆಚ್ಚು.

"ವಯಸ್ಸಾತು, ಬಿಡಬೇ ಇನ್ನ," ಎಂದರು ಸಂಘದ ಅಧ್ಯಕ್ಷರು.

ಶಂಕ್ರವ್ವ ಆಗಲೇ ಪಟ್ಟಿ ಕಿತ್ತು ಮಡಿಲಿಗೆ ಹಾಕಿಕೊಂಡಿದ್ದಳು. "ನನಗೇನಾಗೇತಿ? ಮೊದಲನೇ ಎಳಿ ಹಿಡದಾಗ ನನ್ನ ಬಾಯಿ ನನಗ ಕೇಳವಲ್ದು. ಅಂದ್ನೋ ಇಲ್ಲೋ ಅಂತ ಮತ್ತೊಂದ ಹಿಡಿತೀನಿ."

"ಒಂದು ಅಂದ್ರ ಕೇಳಸ್ಬೇಕಲ್ಲಬೇ?" ನೀಲಗಂಗಾ ಗೊಂದಲದಲ್ಲಿ ಕೇಳಿದಳು.

"ಒಂದು ಯಾಕ ಅನ್ಲಿ? ಮೊದಲನೇದಕ್ಕ ಲಾಭ ಅಂತೀವಿ. ನೇಕಾರ್ರ ಮನ್ಯಾಗ ಹುಟ್ಟಿ ಅಷ್ಟೂ ಮರತ್ಯೇನು?"

ನೀಲಗಂಗಾಳಿಗೆ ನಾಚಿಕೆಯಾಯಿತು. ಅವಳ ಅಜ್ಜಿ ಜೋಳ ಅಳೆಯುವಾಗಲೂ ಲಾಭ, ಎರಡು, ಮೂರು ಎಂದೇ ಎಣಿಸುತ್ತಿದ್ದಳು. ಜಾಣ ಯಂತ್ರಕ್ಕೆ ಎಲ್ಲ ಅಂಕಿ ಕಲಿಸಿದವಳು ಮೊದಲನೆಯದನ್ನೇ ಬಿಟ್ಟಿದ್ದಳು. ಅಲ್ಲೇ ನೆಲದ ಮೇಲೆ ಕೂತು ಪಟ್ಟಿಗೆ ಆ ಮಾತನ್ನು ಶಂಕ್ರವ್ವನ ದನಿಯಲ್ಲೇ ಕಲಿಸಿದಳು.

ಊಟದ ಹೊತ್ತಿಗೆ ಇಡೀ ಸೆರಗು ಕೂಡಿತು. ಅಧ್ಯಕ್ಷರು ಭೂತಗನ್ನಡಿ ಹಿಡಿದು ಎರಡು ಸಲ ಎಣಿಸಿದರು. ಒಂದೆಳೆಯೂ ಆಚೀಚೆ ಆಗಿರಲಿಲ್ಲ.

"ನಿಮ್ಮ ಕೊಂಡಿ ಯಂತ್ರಕ್ಕ ಹೇಳ್ರಿ, ಇಲ್ಲಿ ಕೆಲಸ ಖಾಲಿ ಇಲ್ಲಂತ!" ಎಂದಳು ಶಂಕ್ರವ್ವ, ನಾಲ್ಕು ಮನೆಗೆ ಕೇಳುವಂತೆ. ನೀಲಗಂಗಾಳಿಗೆ ಯಾವ ಪ್ರಶಸ್ತಿ ಬಂದಾಗಲೂ ಇಷ್ಟು ಹೆಮ್ಮೆಯಾಗಿರಲಿಲ್ಲ.

ಅಂದಿನಿಂದ ಪ್ರತಿ ಮೌನಪಟ್ಟಿಯೂ ಕಟ್ಟಿಕೊಂಡವರನ್ನು ಮೊದಲು ಒಂದು ಪ್ರಶ್ನೆ ಕೇಳುತ್ತದೆ: "ಯಾವ ದನಿಯನ್ನು ಉಳಿಸಲಿ?" ಶಂಕ್ರವ್ವ ಕಣ್ಣು ಮಿಟುಕಿಸುವಷ್ಟರಲ್ಲಿ "ನಂದು!" ಎಂದು ಉತ್ತರಿಸಿದಳು. ನೀಲಗಂಗಾ ತನ್ನ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಯಾರ ದನಿ ಎಂದು ಇನ್ನೂ ಹುಡುಕುತ್ತಿದ್ದಳು.

ನಮ್ಮ ಕೈಗೆ ಆ ಪಟ್ಟಿ ಬರಲು ಇನ್ನೂ ಕೆಲವು ದಶಕ ಕಾಯಬೇಕು. ಅದರ ಪ್ರಶ್ನೆಗೆ ಉತ್ತರ ಹುಡುಕಲು ಕಾಯಬೇಕಿಲ್ಲ.