ಮೊಳದುದ್ದದ ದೋಣಿಯ ಹೊರೆ

ದಾಲ್ವಿನಾ ಒಂದು ಕಣ್ಣು ಮುಚ್ಚಿದಳು. ಕಾಫಿ ಲೋಟವನ್ನು ಮೂಗಿನ ಮಟ್ಟಕ್ಕೆ ಎತ್ತಿ ಹಿಡಿದು, ಗಂಟಲು ದಪ್ಪ ಮಾಡಿ ಹೇಳಿದಳು:

"ಹೂಂ... ಕಾಫಿ ಚೆನ್ನಾಗಿದೆ. ಎಡಗಡೆ ಮಾತ್ರ ಒಂದು ನೂಲು ಜಾಸ್ತಿ ಆಯ್ತು."

ಕುಂಬಾರಸಾಲೆಯ ಹೆಂಗಸರೆಲ್ಲ ಕೆಸರುಗೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ದೋಣಿ ಬಡಗಿ ಒತೊನಿಯೆಲ್ ಥೇಟ್ ಹಾಗೇ. ಒಂದು ಕಣ್ಣು ಮುಚ್ಚಿ ಅಳೆಯದೆ ಅವನು ಮರ ಕೊಯ್ದವನಲ್ಲ, ಮಾತನ್ನೂ ಆಡಿದವನಲ್ಲ.

"ಮದುವೆ ಆಗ್ತೀಯೇನಪ್ಪಾ ಅಂತ ಕೇಳಿದ್ರೆ ಏನಂತಾನೆ?" ಚಿಕ್ಕಮ್ಮ ಜೋವಿನಾ ಕುಮ್ಮಕ್ಕು ಕೊಟ್ಟಳು.

ದಾಲ್ವಿನಾ ಮತ್ತೆ ಕಣ್ಣು ಮುಚ್ಚಿದಳು. "ಹೂಂ... ಹುಡುಗಿ ಪರವಾಗಿಲ್ಲ. ಸ್ವಲ್ಪ ಹತ್ತರಿ ಹೊಡೆದ್ರೆ ಕೂತ್ಕೊಳ್ಳತ್ತೆ."

ಈ ಸಲ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಅವಳ ಬೆನ್ನ ಹಿಂದಿನ ಬಾಗಿಲ ಮೇಲೆ ನೆಟ್ಟಿತ್ತು.

ಬಾಗಿಲಲ್ಲಿ ಒತೊನಿಯೆಲ್ ನಿಂತಿದ್ದ. ಎರಡು ತೋಳಲ್ಲಿ, ಹಸುಗೂಸನ್ನು ಎತ್ತಿಕೊಂಡ ಹಾಗೆ, ಮೊಳದುದ್ದದ ಒಂದು ಸವೇಯ್ರು ದೋಣಿ. ಈ ನದಿಯ ಮಡಕೆಗಳನ್ನೆಲ್ಲ ಸಾಲ್ವಡೋರ್ ಸಂತೆಗೆ ಹೊತ್ತ ದೋಣಿಗಳ ಪಡಿಯಚ್ಚು: ಅದೇ ಅಗಲ ಹೊಟ್ಟೆ, ಅದೇ ಹಿಂದಕ್ಕೆ ಬಾಗಿದ ಕೂವೆಮರ, ಅದಕ್ಕೆ ಕಟ್ಟಿದ ಅದೇ ಬಿಳಿ ಹಾಯಿ. ಹಲಗೆಗೆ ಹಲಗೆ ಎಷ್ಟು ಹದವಾಗಿ ಕೂತಿತ್ತೆಂದರೆ ನಡುವೆ ಉಸಿರಿಗೂ ಜಾಗವಿರಲಿಲ್ಲ.

"ಮೊದಲು ನಿಂಗೇ ತೋರಿಸೋಣ ಅಂತ ತಂದೆ," ಅಂದ. ಎರಡೂ ಕಣ್ಣು ತೆರೆದುಕೊಂಡೇ ಅಂದ. ಅದೇ ಅವಳಿಗೆ ಚುಚ್ಚಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಹೊರಟಾಗಿತ್ತು.

"ನಾಳೆ ಬೆಳಿಗ್ಗೆ ಅದು ನದಿ ದಾಟಬೇಕಂತೆ," ಚಿಕ್ಕಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. "ದಾಟಿದ್ರೆ ಬೆಲಾರ್ಮಿನೊ ಮೇಸ್ತ್ರಿ ಅಳತೆ ಹಲಗೆ ಕೊಡ್ತಾನೆ. ಇಲ್ಲಾಂದ್ರೆ ಸೋಮವಾರವೇ ಹುಡುಗ ವಲೆನ್ಸಾ ಪಟ್ಟಣಕ್ಕೆ. ಫೈಬರ್ ದೋಣಿ ಎರಕ ಹೊಯ್ಯೋ ಕೆಲಸ ಒಪ್ಕೊಂಡಿದ್ದಾನೆ."

ಅಳತೆ ಹಲಗೆ ಅಂದರೆ ಗೇಣುದ್ದದ ಮರದ ತುಂಡು, ಮೇಲೆ ಒಂದಿಷ್ಟು ಗೀರು. ಸವೇಯ್ರುವಿನ ಪ್ರತಿಯೊಂದು ಪಕ್ಕೆಲುಬೂ ಆ ಗೀರುಗಳಿಂದಲೇ ಹುಟ್ಟಬೇಕು. ಕಾಗದ ಗೀಗದದ ನಕ್ಷೆ ಇಲ್ಲಿಲ್ಲ. ಹಲಗೆ ಕೈಗೆ ಬಂದವನೇ ಮುಂದಿನ ಮೇಸ್ತ್ರಿ. ಬೆಲಾರ್ಮಿನೊಗೆ ಮಕ್ಕಳಿಲ್ಲ, ಇರುವವನು ತಂಗಿಯ ಮಗ ಒತೊನಿಯೆಲ್ ಒಬ್ಬನೇ.

ಆ ದಿನ ದಾಲ್ವಿನಾಳ ಚಕ್ರದ ಮೇಲೆ ಎದ್ದ ಮಡಕೆಗಳೆಲ್ಲ ಸೊಟ್ಟ.

ಮರುದಿನ ಬೆಳಿಗ್ಗೆ ಉಬ್ಬರ ತುಂಬಿ ನಿಂತಾಗ ಅರ್ಧ ಊರು ದಡದಲ್ಲಿತ್ತು. ಮೇಸ್ತ್ರಿ ಚುಟ್ಟಾ ಕಚ್ಚಿಕೊಂಡು ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತಿದ್ದ. ಒತೊನಿಯೆಲ್ ಮೊಣಕಾಲುದ್ದ ನೀರಿಗಿಳಿದು ದೋಣಿ ಬಿಟ್ಟ. ಹಾಯಿ ಗಾಳಿ ಕುಡಿದು ಉಬ್ಬಿತು. ದೋಣಿ ಮದುವಣಗಿತ್ತಿಯ ಹಾಗೆ ನಾಲ್ಕು ಹೆಜ್ಜೆ ಇಟ್ಟಿತು, ಮದುವಣಗಿತ್ತಿಯ ಕುಡುಕ ಚಿಕ್ಕಪ್ಪನ ಹಾಗೆ ಮಗ್ಗುಲಾಗಿ ಬಿತ್ತು.

ಎತ್ತಿ ಬಿಟ್ಟ. ಮತ್ತೆ ಬಿತ್ತು. ಮೂರನೆಯ ಸಲವೂ ಅಷ್ಟೇ.

"ಮೀನಿಗೆ ತೊಟ್ಟಿಲು ಕಟ್ಟಿದ್ದೀಯಲ್ಲೋ!" ಅಂದ ಮೇಸ್ತ್ರಿ.

ಒತೊನಿಯೆಲ್ ಒಂದು ಕಣ್ಣು ಮುಚ್ಚಿ ಕೂವೆಮರವನ್ನು ನೋಡಿದ. ಸೊಂಟದ ಚಾಕು ತೆಗೆದ. "ಇದನ್ನ ಗಿಡ್ಡ ಮಾಡ್ಬೇಕು."

"ತಡಿ!" ದಾಲ್ವಿನಾ ಲಂಗ ನೆನೆಯುವುದನ್ನೂ ನೋಡದೆ ನೀರಿಗೆ ನುಗ್ಗಿದಳು.

"ಇವತ್ತು ಯಾರ ಥರ ಆಡೋಕೆ ಬಂದೆ?"

"ಯಾರ ಥರಾನೂ ಇಲ್ಲ. ಒಂದು ಮಾತು ಕೇಳ್ತೀನಿ. ನೀನು ಯಾವತ್ತಾದ್ರೂ ಸವೇಯ್ರು ಹತ್ತಿ ಸಾಲ್ವಡೋರ್‌ಗೆ ಹೋಗಿದ್ದೀಯಾ?"

ದಡದಲ್ಲಿ ಕಿಸಿಕಿಸಿ ಎದ್ದಿತು. ದೋಣಿ ಕಟ್ಟುವವನಿಗೆ ದೋಣಿ ಹತ್ತಿದರೆ ವಾಂತಿ ಅನ್ನುವುದು ಊರಿಗೇ ಗೊತ್ತಿದ್ದ ಸಂಗತಿ.

"ನಾನು ಎಂಟು ವರ್ಷದವಳಿದ್ದಾಗಿಂದ ಅಪ್ಪನ ಜೊತೆ ಹೋಗಿದ್ದೀನಿ," ಅಂದಳು. "ಹೋಗುವಾಗ ತುಂಬ ಮಡಕೆ. ದೋಣಿ ಚರ್ಚಿಗೆ ಹೊರಟ ಅಜ್ಜಿ ಹಾಗೆ ನೆಟ್ಟಗೆ, ನಿಧಾನಕ್ಕೆ. ಬರುವಾಗ ಖಾಲಿ. ಮರಳು ಚೀಲ ಹಾಕದೆ ಅಪ್ಪ ಹಗ್ಗಾನೇ ಬಿಚ್ತಿರಲಿಲ್ಲ. ನಿನ್ನ ಕೈ ಏನೂ ತಪ್ಪಿಲ್ಲ ಮಾರಾಯ. ಹೊರೋಕೆ ಅಂತ ಹುಟ್ಟಿದ ದೋಣೀನ ಕೆಲಸ ಕೊಡದೆ ನೀರಿಗೆ ಬಿಟ್ಟಿದ್ದೀಯ, ಅಷ್ಟೇ!"

ಒತೊನಿಯೆಲ್ ಮಾವನ ಕಡೆ ತಿರುಗಿದ. ಮೇಸ್ತ್ರಿಗೆ ಇದ್ದಕ್ಕಿದ್ದಂತೆ ಆಕಾಶದಲ್ಲಿ ಏನೋ ಬಹಳ ಮುಖ್ಯವಾದದ್ದು ಕಾಣಿಸತೊಡಗಿತ್ತು.

ಈಸ್ಟರ್ ಸಂತೆಗೆಂದು ಮಾಡಿಟ್ಟ ಕಶಿಶಿ ಎಂಬ ಆಟಿಕೆ ಮಡಕೆಗಳ ಬುಟ್ಟಿ ತರಿಸಿದಳು ದಾಲ್ವಿನಾ. ಹೆಬ್ಬೆರಳು ಗಾತ್ರದ ಹೂಜಿ, ಗಡಿಗೆ, ಬಾನಿ. ಒಂದೊಂದಕ್ಕೂ ಒದ್ದೆ ಮರಳು ತುಂಬಿದಳು. ತಳಕ್ಕೆ ಬಾನಿ, ಮೇಲೆ ಹೂಜಿ, ನಡುವೆ ಒಣ ಬಾಳೆಎಲೆ, ಅಪ್ಪ ಜೋಡಿಸುತ್ತಿದ್ದ ಹಾಗೇ. ದೋಣಿಯ ಒಡಲು ಗೇಣಗಲ. ಅದರೊಳಗೆ ನಾಲ್ಕು ಕೈ. ಬೆರಳಿಗೆ ಬೆರಳು ತಗುಲದೆ ಇನ್ನೇನು ಮಾಡೀತು?

"ನಿನ್ನೆ ಆಡಿದ್ದು ತಪ್ಪಾಯ್ತು," ಅಂದಳು ತಲೆ ಎತ್ತದೆ.

"ಚೆನ್ನಾಗಿತ್ತು. ನನ್ನ ಗಂಟಲು ಅಷ್ಟೊಂದು ದಪ್ಪ ಇಲ್ಲ, ಅಷ್ಟೇ."

"ಸಿಟ್ಟಿಲ್ವಾ?"

"ಇದೆ. ನಿಂಗೆ ಹತ್ತರಿ ಹೊಡೀಬೇಕು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ."

ಅವಳ ಕೈಯಲ್ಲಿದ್ದ ಹೂಜಿ ಜಾರಿ ನೀರಿಗೆ ಬಿತ್ತು. "ಮತ್ತೆ ಏನಂದ್ಕೊಂಡಿದ್ದೀಯ?"

"ದೋಣಿ ದಾಟಲಿ. ಹೇಳ್ತೀನಿ."

ದೋಣಿ ಹೊರಟಿತು. ಗಾಳಿ ಬಂದು ಹಾಯಿಗೆ ಒರಗಿದಾಗ ದಡವೆಲ್ಲ ಉಸಿರು ಹಿಡಿಯಿತು. ದೋಣಿ ಸ್ವಲ್ಪ ವಾಲಿ, ತನ್ನ ಭಾರದ ನೆನಪಾದಂತೆ ಮತ್ತೆ ನೆಟ್ಟಗಾಯಿತು. ನದಿಯ ನಡುವೆ ಒಂದು ಕೊಕ್ಕರೆ ಅದಕ್ಕೆ ದಾರಿ ಬಿಟ್ಟು ಎದ್ದಿತು. ಬಿಳಿ ಹಾಯಿ ಚಿಕ್ಕದಾಗುತ್ತಾ ಆಗುತ್ತಾ ಆಚೆ ದಡದಲ್ಲಿ ನೀರಿಗೇ ಬೇರಿಳಿಸಿದ ಕಾಂಡ್ಲಾ ಗಿಡಗಳ ಹಸುರಿಗೆ ಚುಕ್ಕೆಯಾಗಿ ಅಂಟಿಕೊಂಡಿತು. ಈಚೆ ಎದ್ದ ಕೂಗಿಗೆ ನಾಯಿಗಳೂ ದನಿಗೂಡಿಸಿದವು.

ಮೇಸ್ತ್ರಿ ಅಂಗಿಯೊಳಗಿಂದ ಅಳತೆ ಹಲಗೆ ತೆಗೆದು ಒತೊನಿಯೆಲ್ ಕೈಗಿಟ್ಟ. "ಹೊರೆ ಮಾತು ನಂಗೆ ಹೇಳಿಕೊಟ್ಟಿದ್ದೂ ಒಬ್ಬ ಕುಂಬಾರ್ತಿನೇ ಕಣೋ. ನಿಮ್ಮತ್ತೆ," ಅಂದ. ಮೂಗು ಸೀಟಿಕೊಂಡು ಗದರಿದ, "ಏನ್ ನೋಡ್ತೀಯ? ಹೋಗಿ ದೋಣಿ ತಗೊಂಡ್ ಬಾ!"

ಇಬ್ಬರು ಹಿಡಿಸುವ ಪಾತಿ ದೋಣಿಗೆ ದಾಲ್ವಿನಾಳೇ ಹುಟ್ಟು ಹಾಕಿದಳು. ಎದುರಿಗೆ ಕೂತ ಒತೊನಿಯೆಲ್ ಮುಖ ನಡುಹೊಳೆಯಲ್ಲೇ ಹಸಿ ಪರಂಗಿಯ ಬಣ್ಣಕ್ಕೆ ತಿರುಗಿತ್ತು.

"ದೂರ ನೋಡು, ತಲೆ ತಿರುಗೋದು ಕಡಿಮೆ ಆಗತ್ತೆ."

"ನಿನ್ನೇ ನೋಡ್ತೀನಿ. ತಿರುಗಿದ್ರೆ ತಿರುಗಲಿ."

ಕಾಂಡ್ಲಾದ ಬೇರುಗಳ ನಡುವೆ ಪುಟ್ಟ ಸವೇಯ್ರು ಒಂದು ಹೂಜಿಯೂ ಉರುಳದೆ ಕಾಯುತ್ತಿತ್ತು. ಅವನು ಅದನ್ನೆತ್ತಿ ಮಡಿಲಿಗಿಟ್ಟುಕೊಂಡ.

"ಈಗ ಹೇಳು," ಅಂದಳು.

"ಮೇಸ್ತ್ರಿ ಹೇಳಿದ್ದು ಎರಡು ತಿಂಗಳ ಕೆಲಸ. ನಾನು ಏಳು ತಿಂಗಳು ಮಾಡ್ದೆ."

"ಯಾಕೆ?"

"ಅಚ್ಚಿಗೆ ಮಣ್ಣು ಬೇಕು ಅಂತ ವಾರಕ್ಕೆರಡು ಸಲ ನಿಮ್ಮಲ್ಲಿಗೆ ಬರ್ತಿದ್ದೆನಲ್ಲ. ದೋಣಿ ಮುಗಿದ್ರೆ ನೆಪಾನೂ ಮುಗೀತಿತ್ತು."

"ಅಷ್ಟೂ ಮಣ್ಣು ಏನ್ಮಾಡ್ದೆ?"

"ಷೆಡ್ ಹಿಂದೆ ಗುಡ್ಡ ಆಗಿದೆ. ಮೇಸ್ತ್ರಿ ಅದರ ಮೇಲೆ ಕುಂಬಳ ಹಬ್ಬಿಸಿದ್ದಾನೆ." ಅವನ ಕಿವಿ ಕೆಂಪಾಯಿತು. "ನೀನಂದ್ರೆ ನಂಗಿಷ್ಟ, ದಾಲ್ವಿನಾ. ಎಷ್ಟು ಅಂತ ಮಾತ್ರ ಕೇಳ್ಬೇಡ. ಎಲ್ಲಾ ಅಳೀತೀನಿ, ಇದು ಅಳತೆಗೇ ಸಿಗ್ತಿಲ್ಲ."

ಊರಿನ ಪಾದ್ರಿಯಿಂದ ಹಿಡಿದು ಪೊಲೀಸಿನವರೆಗೆ ಎಲ್ಲರ ದನಿಯೂ ಇದ್ದ ಗಂಟಲು ಅವಳದು. ಅವಳು ಮುಂದಕ್ಕೆ ಬಾಗಿ, ಮಣ್ಣು ಮೆತ್ತಿದ ಬೆರಳಿಂದ ಅವನ ಕೆನ್ನೆ ಮುಟ್ಟಿದಳು. ಬೆರಳಚ್ಚು ಉಳಿಯಿತು.

"ನಂಗೂ," ಅಂದಳು. ಸಣ್ಣ ದನಿ. ಅವಳದೇ.

ಅಷ್ಟರಲ್ಲಿ ಪಾತಿ ದೋಣಿಯ ತಳ ಬುಸಕ್ಕನೆ ಕೆಸರಿಗೆ ಕೂತಿತು. ನೀರು ಬೇರುಗಳಿಂದ ಸರಿದು ಸರಿದು ದೂರ ಹೋಗಿತ್ತು. ಸುತ್ತ ಮಿರುಗುವ ಕೆಸರು, ಅದರ ಮೇಲೆ ಓಡಾಡುವ ಏಡಿಗಳು. ಆಚೆ ದಡದಿಂದ ಜೋವಿನಾ ಚಿಕ್ಕಮ್ಮ ಎರಡು ಕೈ ಬಾಯಿಗಿಟ್ಟುಕೊಂಡು ಏನೋ ಕಿರುಚುತ್ತಿದ್ದಳು. ಸಂಜೆಯ ನೀರು ಏರುವವರೆಗೆ ಇಬ್ಬರೂ ಇಲ್ಲೇ.

"ಇಳಿತ ಶುರುವಾಗಿದ್ದು ನಿಂಗೆ ಗೊತ್ತಾಗ್ಲಿಲ್ವಾ?" ಕೇಳಿದಳು.

"ಆ ದಡ ಬಿಡುವಾಗ್ಲೇ ಗೊತ್ತಾಯ್ತು." ಅವನು ಏಡಿಗಳನ್ನು ನೋಡುತ್ತ ಅಂದ. "ನಿಂಗೆ?"

"ನಾನು ಈ ನದಿ ದಡದಲ್ಲೇ ಹುಟ್ಟಿದೋಳು, ಮಾರಾಯ," ಅನ್ನುತ್ತಾ ದಾಲ್ವಿನಾ ಹುಟ್ಟನ್ನು ಒಳಗೆಳೆದು ಕಾಲ ಕೆಳಗೆ ಭದ್ರವಾಗಿ ಇಟ್ಟಳು.