ಕುಸರೆಳ್ಳೆಂದು ತೆಗೆದುಕೊಂಡ ಸಕ್ಕರೆ

"ಗಾಡಿ ಹೊಡಿ ಧನ್ಯಾ. ನೀರು ಮೊಣಕಾಲಿಗೂ ಇಲ್ಲ," ಎಂದರು ತಾರಾಬಾಯಿ.

ಕುಡಚಿಯ ಸೇತುವೆಯ ಮೇಲೆ ಕೃಷ್ಣೆ ಹರಿಯುತ್ತಿದ್ದಳು. ಸೇತುವೆ ಎಲ್ಲಿ ಮುಗಿಯುತ್ತದೆ, ಹೊಳೆ ಎಲ್ಲಿ ಶುರುವಾಗುತ್ತದೆ ಎಂಬುದೇ ಕಾಣುತ್ತಿರಲಿಲ್ಲ. ಕೆಂಪು ನೀರು... ಅದರಲ್ಲಿ ಬೇರುಸಹಿತ ಉರುಳಿಹೋಗುತ್ತಿದ್ದ ಒಂದು ಜಾಲಿಗಿಡ.

ಮೆಟಾಡೋರ್‌ನ ತುಂಬ ನಿಪ್ಪಾಣಿಯ ಚಂದನಾ ಮಹಿಳಾ ಮಂಡಳದ ಹೆಂಗಸರು. ೧೯೮೮ರ ಆ ಜುಲೈನಲ್ಲಿ ತಾರಾಬಾಯಿ ಮಂಡಳದ ಅಧ್ಯಕ್ಷೆಯಾಗಿದ್ದರು. ಆಚೆ ದಡದ ಹಳ್ಳಿಯಲ್ಲಿ ಕಣ್ಣು ತಪಾಸಣೆಯ ಶಿಬಿರ, ಅವರ ವರ್ಷದ ಮೊದಲ ಕಾರ್ಯಕ್ರಮ. ಅವರ ಗಂಡನಿಗೆ ತಂಬಾಕು ಕೂಡಿಡುವ ದೊಡ್ಡ ವಖಾರಿ. ಅವರ ಮಾತಿಗೆ ಇಲ್ಲ ಅನ್ನುವವರು ನಿಪ್ಪಾಣಿಯಲ್ಲಿ ಕಡಿಮೆ.

ಗಾಡಿ ಹೊಡೆಯುತ್ತಿದ್ದ ಧನ್ಯಕುಮಾರ ಮಾತ್ರ ಎಂಜಿನ್ ಆರಿಸಿಬಿಟ್ಟ. ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದೆ ನೋಡಿದ. ಕೊನೆಯ ಸೀಟಿನಲ್ಲಿ ಉಪ್ಪಿಟ್ಟಿನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಒಬ್ಬ ಹುಡುಗಿ ಕೂತಿದ್ದಳು.

"ನಿಮಗ ಅಂಜಿಕಿ ಬರಾಕತ್ತೈತೇನ್ರಿ?" ಎಂದು ಕೇಳಿದ.

ಎಲ್ಲ ತಲೆಗಳೂ ಸುಗಂಧಾಳ ಕಡೆ ತಿರುಗಿದವು. ಏಳನೆಯ ತರಗತಿಗೆ ಸಾಲೆ ಬಿಟ್ಟವಳು ಅವಳು. ಇಷ್ಟು ಜನರ ಮುಂದೆ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಕನ್ನಡಿಯಲ್ಲಿದ್ದ ಆ ಎರಡು ಕಣ್ಣುಗಳನ್ನು ನೋಡಿ, ಹೌದೆಂದು ತಲೆಯಾಡಿಸಿದಳು.

"ಇವರು ಅಂಜ್ಯಾರ. ನಾ ದಾಟಿಸಂಗಿಲ್ಲ ಬಾಯಾರ." ತಾರಾಬಾಯಿಗೆ ಇಷ್ಟು ಹೇಳಿ ಅವನು ಗಾಡಿ ತಿರುಗಿಸಿದ.

'ನನ್ನನ್ನೇ ಏಕೆ ಕೇಳಿದ...' ಸುಗಂಧಾಳಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇನ್ನೇನೋ ಬೆಚ್ಚಗಿತ್ತು.

ತಾರಾಬಾಯಿ ಬೈಯಲಿಲ್ಲ. ಸೀಟಿನಲ್ಲಿಯೇ ಹೊರಳಿ ಸುಗಂಧಾಳನ್ನು ಬಹಳ ಹೊತ್ತು ನೋಡಿದರು.

"ನಮ್ಮ ವಖಾರಿ ಲೆಕ್ಕ ಬರಿಯೋ ದಿವಾಣಜಿ ಜಿನ್ನಪ್ಪನ ಮಗಳಲ್ಲ ನೀ? ಬಾಯಿ ಇಲ್ಲೇನ ನಿನಗ, ಬಾಳಾ?" ಎಂದು ಮಗುವನ್ನು ಕೇಳುವಂತೆ ಕೇಳಿದರು.

ಸುಗಂಧಾ ತಲೆ ತಗ್ಗಿಸಿದಳು.

"ಇರಲಿ," ಎಂದು ಅವರು ನಕ್ಕರು. "ಇಲ್ಲದಿದ್ರ ಚಲೋನ."

ಅಂದಿನಿಂದ ಮಂಡಳದ ಪ್ರತಿ ಕಾರ್ಯಕ್ರಮಕ್ಕೂ ಸುಗಂಧಾಳಿಗೆ ಕರೆ ಬರತೊಡಗಿತು. ಜಮಖಾನೆ ಹಾಸಲು, ಹಣ್ಣು ಹೆಚ್ಚಲು, ಬಂದವರಿಗೆ ನೀರು ಕೊಡಲು. ರಕ್ತ ತಪಾಸಣೆಯ ಶಿಬಿರದಲ್ಲಿ ತಾರಾಬಾಯಿ ತಾವೇ ಅವಳ ತೋಳು ಹಿಡಿದು ಕೂರಿಸಿ, ಡಾಕ್ಟರನ್ನು ಬದಿಗೆ ಕರೆದು ಏನೋ ಕೇಳಿದರು. ದೀಪಾವಳಿಯ ರಂಗೋಲಿ ಸ್ಪರ್ಧೆಯಲ್ಲಿ ರಂಗೋಲಿಗಿಂತ ಅವಳ ಬೆರಳುಗಳನ್ನೇ ನೋಡಿದರು. ಹೋಳಿಗೆ ಸ್ಪರ್ಧೆಯಲ್ಲಿ ಬಿಸಿ ಹಂಚು ಕೈಗೆ ತಾಗಿ ಬೊಬ್ಬೆ ಎದ್ದರೂ ಅವಳು ಅಯ್ಯೋ ಅನ್ನಲಿಲ್ಲ. ತಾರಾಬಾಯಿ ಆ ಬೊಬ್ಬೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು.

ಆಗಲೂ ಸುಗಂಧಾ ಕೈ ಎಳೆದುಕೊಳ್ಳಲಿಲ್ಲ.

ಅವಳ ಕಣ್ಣು ಎಲ್ಲವನ್ನೂ ಕಾಣುತ್ತಿತ್ತು. ಯಾರ ಸೀರೆಯ ಅಂಚು ಬಿಚ್ಚಿದೆ, ಯಾರು ಯಾರ ಹತ್ತಿರ ಕೂರುವುದಿಲ್ಲ... ಎಲ್ಲವೂ. ಆದರೆ ತನ್ನನ್ನೇ ಒಬ್ಬರು ಅಳೆಯುತ್ತಿದ್ದಾರೆ ಎಂಬುದು ಮಾತ್ರ ಹೊಳೆಯಲಿಲ್ಲ. ಅದನ್ನು ಅಕ್ಕರೆ ಎಂದುಕೊಂಡಳು ಪಾಪ!

ಅವಳಿಗೆ ಬೇರೊಂದು ಕಡೆ ಗಮನವಿತ್ತು.

ಕರೋಶಿಯ ಧನ್ಯಕುಮಾರ ಅಣ್ಣನ ಜೊತೆ ಸೇರಿ ಆ ಮೆಟಾಡೋರ್ ಇಟ್ಟಿದ್ದ. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಪೇರಲ ಹಣ್ಣು ಕೊಡಿಸುತ್ತಿದ್ದ, ಒಬ್ಬಳಿಗೆ ಕೊಡುವ ಸಲುವಾಗಿ. ಅವಳು ಹತ್ತಿದ ಮೇಲೆಯೇ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದ. ಮಂಡಳದ ಕಾರ್ಯದರ್ಶಿ ಕುಸುಮಕ್ಕನ ನಾಲಿಗೆ ಸುಮ್ಮನಿರುತ್ತದೆಯೇ?

"ಏ ಧನ್ಯಕುಮಾರ, ಕನ್ನಡಿ ಹಿಂದಿನ ಗಾಡಿ ನೋಡಾಕ ಇರತೈತಪಾ, ಹಿಂದಿನ ಸೀಟ ನೋಡಾಕ ಅಲ್ಲ."

ಗಾಡಿಯೆಲ್ಲ ನಕ್ಕಿತು. ತಾರಾಬಾಯಿ ನಗಲಿಲ್ಲ.

ಡಿಸೆಂಬರಿನ ಒಂದು ಸಂಜೆ ಜಮಖಾನೆಗಳನ್ನು ಗಾಡಿಗೆ ಏರಿಸುವಾಗ ಅವನು ಅವಳಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದ್ದ. ಸಂಕ್ರಾಂತಿ ಕಳೆದ ಮೇಲೆ ಅಣ್ಣ ನಿಮ್ಮ ಅಪ್ಪನನ್ನು ನೋಡಲು ಬರುತ್ತಾನೆ, ಬರಬಹುದೇ, ಎಂದು. ಅವಳು ಕಿವಿಯವರೆಗೆ ಕೆಂಪಾದಳು. ಉತ್ತರ ಕೊಡುವಷ್ಟರಲ್ಲಿ ಯಾರೋ ಕರೆದರು. ಅವಳು ಉತ್ತರ ಕೊಡಲೇ ಇಲ್ಲ.

ಸಂಕ್ರಾಂತಿಯ ಅರಿಶಿನ ಕುಂಕುಮ ತಾರಾಬಾಯಿಯವರ ಮನೆಯಲ್ಲಿ ನಡೆಯಿತು. ಬಂದವರಿಗೆಲ್ಲ ಬಣ್ಣದ ಕಾಗದದ ಪೊಟ್ಟಣದಲ್ಲಿ ಸಕ್ಕರೆ ಪಾಕ ಕಟ್ಟಿದ ಎಳ್ಳು, ಕುಸರೆಳ್ಳು. ಹಂಚಿದವಳು ಸುಗಂಧಾಳೇ. ಎಲ್ಲ ಮುಗಿದು ಐದಾರು ಮುತ್ತೈದೆಯರಷ್ಟೇ ಉಳಿದಾಗ ತಾರಾಬಾಯಿ ಅವಳನ್ನು ಮಣೆಯ ಮೇಲೆ ಕೂರಿಸಿದರು. ಇಷ್ಟು ದಿನ ದುಡಿದ ಹುಡುಗಿ, ಅವಳಿಗೊಂದು ಮಾನ ಬೇಡವೇ ಎಂದರು. ಕುಂಕುಮ ಹಚ್ಚಿ ಉಡಿ ತುಂಬಿದರು. ತಮ್ಮ ಕೈಯಿಂದ ಒಂದು ಪೊಟ್ಟಣ ಕೊಟ್ಟರು.

ಅದೇ ಬಣ್ಣದ ಕಾಗದ. ಅವಳು ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮನೆಯಲ್ಲಿ ಪೊಟ್ಟಣ ಬಿಚ್ಚಿದ್ದು ಅವಳ ತಾಯಿ ಲಕ್ಷ್ಮಿಬಾಯಿ.

"ಇದು ಕುಸರೆಳ್ಳಲ್ಲ... ಸಕ್ಕರಿ."

ತಾಯಿ ಮಗಳ ಉಡಿಯ ಕಡೆ ನೋಡಿದರು.

"ಉಡಿ ತುಂಬಿದ್ರೇನು?"

"ತುಂಬಿದ್ರು."

"ಮುತ್ತೈದೇರು ಇದ್ರು?"

"ಇದ್ರವ್ವಾ..."

ಲಕ್ಷ್ಮಿಬಾಯಿ ಗೋಡೆ ಹಿಡಿದು ಕೂತರು. ಮುತ್ತೈದೆಯರ ಎದುರು ಗಂಡಿನ ಮನೆಯವರ ಸಕ್ಕರೆ ಪೊಟ್ಟಣ ಕೈಗೆ ತೆಗೆದುಕೊಂಡರೆ ಆ ಭಾಗದಲ್ಲಿ ಹುಡುಗಿ ಅವರ ಪಾಲಾದಂತೆಯೇ. ಉಳಿಯುವುದು ಲಗ್ನದ ದಿನ ಗೊತ್ತು ಮಾಡುವುದಷ್ಟೇ.

ಅಪ್ಪ ಜಿನ್ನಪ್ಪ ಬರುವಾಗಲೇ ವಿಷಯ ತಿಳಿದುಕೊಂಡು ಬಂದಿದ್ದ. ಗಂಡು ತಾರಾಬಾಯಿಯವರ ತಮ್ಮ ಬಾಪುಸಾಹೇಬ. ಅಥಣಿಯ ಕಡೆ ದ್ರಾಕ್ಷಿ ತೋಟ, ಅರಮನೆಯಂಥ ದೊಡ್ಡ ವಾಡೆ. ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ. ಇಷ್ಟನ್ನು ಮಗಳ ಮುಖ ನೋಡದೆ ಹೇಳಿದ. ಆಮೇಲೆ, ಕೈಯೊಡ್ಡಿ ತೆಗೆದುಕೊಂಡವಳು ನೀನೇ ಅಲ್ಲವೇ, ಎಂದು ಕೇಳಿದ.

ಹೌದು. ತೆಗೆದುಕೊಂಡವಳು ಅವಳೇ. ಆ ರಾತ್ರಿಯೂ ಅವಳ ಬಾಯಿ ಬಿಚ್ಚಲಿಲ್ಲ.

ಮುಂದಿನ ಕಾರ್ಯಕ್ರಮಕ್ಕೆ ಮೆಟಾಡೋರ್ ಹತ್ತಿದಾಗ ಸುಗಂಧಾ ಮೊದಲು ನೋಡಿದ್ದು ಕನ್ನಡಿಯನ್ನು. ಅದು ಮೇಲಕ್ಕೆ ತಿರುಗಿತ್ತು. ಗಾಡಿಯ ಚಾವಣಿ ಬಿಟ್ಟು ಅದರಲ್ಲಿ ಏನೂ ಕಾಣುತ್ತಿರಲಿಲ್ಲ.

'ಅಷ್ಟೇ ಏನು...' ಎಂದುಕೊಂಡಳು. 'ಒಂದು ಮಾತನ್ನೂ ಕೇಳದೆ ಬಿಟ್ಟುಕೊಟ್ಟನಲ್ಲ.'

ಅವನ ಎದೆಯಲ್ಲಿಯೂ ಅಷ್ಟೇ ಬೆಂಕಿ. ಸುದ್ದಿ ಅವನಿಗೆ ತಿಳಿದದ್ದು ಗಾಡಿಯ ಹೆಂಗಸರಿಂದ. ದ್ರಾಕ್ಷಿ ತೋಟದ ಮುಂದೆ ಬಾಡಿಗೆ ಮೆಟಾಡೋರ್ ಯಾವ ಲೆಕ್ಕ ಎಂದುಕೊಂಡಿದ್ದ. ಡಿಸೆಂಬರಿನಲ್ಲಿ ಅವಳು ಉತ್ತರ ಕೊಡದೆ ಹೋದದ್ದಕ್ಕೆ ಈಗ ಅರ್ಥ ಸಿಕ್ಕಿತ್ತು. ತಪ್ಪು ಅರ್ಥ.

ಮಾರ್ಚಿನಲ್ಲಿ ಬಡ ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಹಂಚುವ ಕಾರ್ಯಕ್ರಮವನ್ನು ತಾರಾಬಾಯಿ ಬಾಪುಸಾಹೇಬನ ವಾಡೆಯಲ್ಲಿಯೇ ಇಟ್ಟರು. ಯಂತ್ರ ಹಂಚಿದ ಮೇಲೆ ಲಗ್ನದ ದಿನ ಗೊತ್ತು ಮಾಡುವುದೆಂದು ಗಾಡಿಯಲ್ಲಿಯೇ ಸಾರಿದರು. ದಿನದ ಮಾತನ್ನು ಅವರಿಗೇ ಬಿಟ್ಟು ಜಿನ್ನಪ್ಪ ವಖಾರಿಯಲ್ಲಿಯೇ ಉಳಿದಿದ್ದ.

ವಾಡೆಯ ಪಡಸಾಲೆಯಲ್ಲಿ ಬಾಪುಸಾಹೇಬ ಬಿಳಿ ಬಟ್ಟೆಯಲ್ಲಿ ಕೂತಿದ್ದ. ಒಳ್ಳೆಯ ಮೃದು ದನಿ. ಎದುರಿನ ತಟ್ಟೆಯಿಂದ ಒಂದೊಂದೇ ದ್ರಾಕ್ಷಿ ಎತ್ತಿ, ಉಗುರಿನಿಂದ ಸಿಪ್ಪೆ ಸುಲಿದು, ತಿನ್ನದೆ ಹಾಗೆಯೇ ಬದಿಗಿಡುತ್ತಿದ್ದ. ಸುಗಂಧಾ ಅದನ್ನೇ ನೋಡುತ್ತಿದ್ದಳು.

ನೀರು ತರುವ ನೆಪದಲ್ಲಿ ಹಿತ್ತಲಿಗೆ ಹೋದಳು. ಅಲ್ಲಿ ಬಾವಿ. ಬಾವಿಯ ಬಾಯಿಗೆ ಹೊಸ ಕಬ್ಬಿಣದ ಜಾಳಿ, ಜಾಳಿಗೆ ಬೀಗ. ಪಾತ್ರೆ ತಿಕ್ಕುತ್ತಿದ್ದ ಕಮಲಾಬಾಯಿ ಎಂಬ ಮುದುಕಿ ಅವಳನ್ನು ನೋಡಿ, ಈ ಮನೆಗೆ ಮದುವೆಯಾಗಿ ಬರುವ ಹೊಸ ವೈನಿ ನೀವೇ ಏನು ಎಂದು ಕೇಳಿದಳು. ಸುಗಂಧಾ ಬಾವಿಯನ್ನೇ ನೋಡುತ್ತ ನಿಂತಳು.

"ನಿಮ್ಮಂಗ ಇದ್ದಳವ್ವಾ ಹಿಂದಿನಾಕಿನೂ," ಎಂದಳು ಕಮಲಾಬಾಯಿ, ಕೈ ನಿಲ್ಲಿಸದೆ. "ಹೊಡದ್ರೂ ಒಂದ ಮಾತ ಆಡ್ತಿರಲಿಲ್ಲ. ಕಡೀಕ ಈ ಬಾವಿ ಮುಂದ ಹೇಳಿದಳು. ಆಮ್ಯಾಗ ಜಾಳಿ ಹಾಕಿಸಿದ್ರು."

ಸುಗಂಧಾ ಜಾಳಿಯ ಬೀಗವನ್ನು ಮುಟ್ಟಿ ನೋಡಿದಳು.

ರಕ್ತ ತಪಾಸಣೆ... ಹೋಳಿಗೆ... ಬೊಬ್ಬೆ ಒತ್ತಿದ ಆ ಬೆರಳು... ಎಂಟು ತಿಂಗಳ ಸಮಾರಂಭಗಳೆಲ್ಲ ಒಂದೇ ದಾರದಲ್ಲಿ ಬಂದು ನಿಂತವು. ತಾರಾಬಾಯಿ ಹುಡುಕುತ್ತಿದ್ದದ್ದು ತಮ್ಮನಿಗೆ ಹೆಂಡತಿಯನ್ನಲ್ಲ, ಬಾಯಿ ಬಿಡದ ಒಂದು ಜೀವವನ್ನು.

ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು. ಮೆಟಾಡೋರ್‌ನ ನೆರಳಿನಲ್ಲಿ ಧನ್ಯಕುಮಾರ ನಿಂತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ.

"ಸಕ್ಕರಿ ತಗೊಂಡಾಕಿ ನೀವು. ನನ್ನ ಹತ್ರ ಏನ ಕೆಲಸ?"

"ಕುಸರೆಳ್ಳು ಅಂತ ತಗೊಂಡೆ."

ಅವನು ತಿರುಗಿ ನೋಡಿದ.

"ಎಲ್ಲಾರಿಗೂ ಕುಸರೆಳ್ಳು ಹಂಚಿದಾಕಿ ನಾನು... ನನ್ನ ಕೈಯಾಗ ಸಕ್ಕರಿ ಇಟ್ರು. ನನಗ ಗೊತ್ತಿರಲಿಲ್ರಿ." ಬಾವಿಯ ಮಾತನ್ನೂ ಹೇಳಿದಳು. ಇಷ್ಟುದ್ದ ಅವಳು ಯಾರೊಂದಿಗೂ ಮಾತಾಡಿರಲಿಲ್ಲ.

ಅವನು ಗಾಡಿ ಬಿಟ್ಟು ಮುಂದೆ ಬಂದ. ಈಗಲೇ ಒಳಗೆ ಹೋಗಿ ತಾರಾಬಾಯಿಗೆ ನಾನೇ ಹೇಳುತ್ತೇನೆ ಎಂದು ಹೊರಟ. ಅವಳು ಅಡ್ಡ ನಿಂತಳು.

"ನೀವು ಹೇಳಿದ್ರ ಅದು ನಿಮ್ಮ ಮಾತಾಗತೈತಿ. ನಾಳೆ ನಾನು ಒಪ್ಪಿದ್ದೆ ಅಂತಾರ. ನಾನ ಹೇಳಬೇಕು."

ಪಡಸಾಲೆಯಲ್ಲಿ ಪಂಚಾಂಗ ಬಿಚ್ಚಿತ್ತು. ಮಂಡಳದ ಹೆಂಗಸರೆಲ್ಲ ಕೂತಿದ್ದರು. ಸುಗಂಧಾ ನಡುವೆ ಬಂದು ನಿಂತಳು. ಕೂರು ಬಾಳಾ ಎಂದರು ತಾರಾಬಾಯಿ. ಅವಳು ಕೂರಲಿಲ್ಲ.

"ನಾ ಒಲ್ಲೆ."

ದನಿ ಸಣ್ಣದಿತ್ತು. ಆದರೆ ಎಲ್ಲರಿಗೂ ಕೇಳಿಸಿತು.

"ಏನಂದಿ?"

"ಈ ಮದಿವಿ ನಾ ಒಲ್ಲೆ ಬಾಯಾರ. ಕುಸರೆಳ್ಳು ಅಂತ ನಂಬಿಸಿ ಸಕ್ಕರಿ ಕೊಟ್ರಿ."

"ನಿಮ್ಮಪ್ಪ ನಮ್ಮ ವಖಾರಿ ಅನ್ನ ಉಂಡಾನ. ನೆನಪಿಟ್ಟು ಮಾತಾಡು."

"ದುಡದ ಉಂಡಾರ್ರಿ."

ಬಾಪುಸಾಹೇಬನ ಉಗುರು ದ್ರಾಕ್ಷಿಯ ಮೇಲೆ ನಿಂತಿತು. ಅವನು ಅವಳನ್ನು ನೋಡಲಿಲ್ಲ, ಅಕ್ಕನನ್ನು ನೋಡಿದ. "ಇದಕ್ಕ ಬಾಯಿ ಐತಲ್ಲ ಅಕ್ಕಾ," ಎಂದ, ಅದೇ ಮೃದು ದನಿಯಲ್ಲಿ. "ಇಲ್ಲ ಅಂದಿದ್ದಿ ನೀ."

ಆ ಒಂದು ಮಾತಿಗೆ ಪಡಸಾಲೆಯಲ್ಲಿ ಕೂತಿದ್ದ ಹೆಂಗಸರ ಬೆನ್ನು ನೆಟ್ಟಗಾಯಿತು. ಕುಸುಮಕ್ಕ ಸೆರಗು ಹೊದ್ದು ಎದ್ದಳು.

"ಸಕ್ಕರಿ ಕೊಟ್ಟಾಗ ನಾವು ಸಾಕ್ಷಿ ಇದ್ವಿ ಬಾಯಾರ. ಒಲ್ಲೆ ಅಂದದ್ದೂ ಈಗ ಕೇಳೀವಿ. ಏಳ್ರೇ, ಹೋಗೋಣು."

ಒಬ್ಬೊಬ್ಬರೇ ಎದ್ದರು. ತಾರಾಬಾಯಿ ತವರಿನಲ್ಲಿಯೇ ಉಳಿದರು. ಗಾಡಿ ಹೊರಡುವಾಗ ಅವರು ವಾಡೆಯ ಬಾಗಿಲಿನಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದರು. ಆ ನೋಟ ತಮ್ಮ ಜೊತೆಗೇ ನಿಪ್ಪಾಣಿಯವರೆಗೆ ಬರುತ್ತದೆಂದು ಸುಗಂಧಾಳಿಗೆ ಗೊತ್ತಿತ್ತು.

ಎಲ್ಲರೂ ಜೈನರು, ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕಲ್ಲ! ರಾಯಬಾಗದ ರಸ್ತೆಯಲ್ಲಿ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರು. ಹೆಂಗಸರು ಬುತ್ತಿ ಬಿಚ್ಚಿದರು. ಕುಸುಮಕ್ಕ ಎರಡು ರೊಟ್ಟಿಗೆ ಪಲ್ಲೆ ಹಚ್ಚಿ ಸುಗಂಧಾಳ ಕೈಗೆ ಕೊಟ್ಟು, ಗಾಡಿಯ ಕಡೆ ಕಣ್ಣು ತೋರಿಸಿದಳು.

ಧನ್ಯಕುಮಾರ ರೊಟ್ಟಿ ತೆಗೆದುಕೊಂಡ. ತಿನ್ನಲಿಲ್ಲ.

"ನಾಳೆಯಿಂದ ಮಂಡಳದ ಬಾಡಿಗಿ ನನಗಿಲ್ಲ."

"ಅಪ್ಪಗ ವಖಾರಿನೂ ಇರಂಗಿಲ್ಲ."

ಕಬ್ಬಿನ ಹೊಲಗಳ ಮೇಲೆ ಇಳಿಬಿಸಿಲು ಮೆಲ್ಲಗೆ ಆರುತ್ತಿತ್ತು. ಮುಂದೆ ಏನೇನು ಕಾದಿದೆಯೋ...

"ನಮ್ಮಣ್ಣನ್ನ ನಿಮ್ಮನಿಗೆ ಕಳಸ್ಲೇನು?"

"ಯಾಕ?"

ಅವನು ರೊಟ್ಟಿಯ ಅಂಚು ಮುರಿದ. "ನಿಮಗ ಗೊತ್ತೈತಿ."

"ಗೊತ್ತಿದ್ರೂ ಬಾಯಿ ಬಿಟ್ಟ ಹೇಳಬೇಕ್ರಿ. ಹೇಳದ ಇದ್ದದ್ದಕ್ಕ ಇಷ್ಟೆಲ್ಲಾ ಆತು."

"ನೀವು ನನಗ ಬೇಕು," ಎಂದ ಅವನು. "ಮೊದಲನೇ ದಿನದಿಂದ ಬೇಕು."

"ನನಗೂ..." ಎಂದಳು. ಅದು ಸಾಲದೆನ್ನಿಸಿತು. ತಲೆ ಎತ್ತಿ ಅವನ ಕಣ್ಣುಗಳನ್ನೇ ನೋಡಿದಳು. "ನನಗೂ ನೀವ ಬೇಕು, ಧನ್ಯಕುಮಾರ."

ಅವನು ಬೆರಗಾಗಿ ನಕ್ಕ. "ಹೆಸರ ಹಿಡದ ಕರದ್ರಿ?"

"ಮದಿವಿ ಆದಮ್ಯಾಲ ಕರಿಯಾಕ ಬರಂಗಿಲ್ಲಲ್ರಿ," ಎಂದಳು ಸುಗಂಧಾ. "ಅದಕ್ಕ ಈಗ ಕರಿಯಾಕತ್ತೀನಿ... ಧನ್ಯಕುಮಾರ."